ಮಗಳು ಓಬೋ ವಾದಕಿಯೇ ಆಗ್ತೀನಿ ಅಂತಾಳೆ, ಒಪ್ಪಬಹುದೇ?

ಪ್ರಶ್ನೆ: ನಮ್ಮ ಊರು ಮೈಸೂರು. ಹನ್ನೆರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. ಹತ್ತನೇ ವಯಸ್ಸಿನಿಂದ ಇಲ್ಲಿನ ಸಂಗೀತ ಶಾಲೆಯಲ್ಲಿ ಓಬೋ ಎಂಬ ಪಾಶ್ಚಾತ್ಯ ಊದುವಾದ್ಯ ಕಲಿಯುತ್ತಿದ್ದಾಳೆ. ಈಗ ‘ಮೆಡಿಕಲ್ ಬೇಡ, ಓಬೋನೇ ಓದ್ತೀನಿ’ ಅನ್ನುತ್ತಾಳೆ. ಅವಳು ಊದುವಾಗ ಮುಖ ಕೆಂಪಾಗಿ ಹಣೆಯ ನರ ಉಬ್ಬುವುದನ್ನು ವಿಡಿಯೊದಲ್ಲಿ ನೋಡಿದ ನಮ್ಮ ಅತ್ತೆ, ‘ಓಲಗ ಊದಿದವರಿಗೆ ಎದೆ ಹೋಗುತ್ತೆ, ಮಗೂಗೆ ಯಾಕಿದು’ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಬೇಸರ ಮಾಡಿಕೊಳ್ಳುತ್ತಾರೆ. ಓಬೋ ಊದಿದರೆ ತಲೆ ಕೆಡುತ್ತದೆ ಅಂತಲೂ ಎಲ್ಲೋ ಓದಿದೆ. ಮಾವನವರಿಗೆ ಗ್ಲಾಕೋಮಾ (ದೃಷ್ಟಿನರ ಕೆಡಿಸುವ ಕಣ್ಣಿನ ಕಾಯಿಲೆ) ಇದೆ, ಅದೊಂದು ಭಯ. ತಿಂಗಳಿಗೆ ರೀಡಿಗೇ (ಬಾಯಲ್ಲಿಟ್ಟು ಊದುವ ಜೊಂಡಿನ ತುದಿ) ನೂರು ಯೂರೊ ಹತ್ತಿರ ಹೋಗುತ್ತಿದೆ. ಟೀಚರು ‘ಇನ್ನು ರೀಡ್ ತಾನೇ ಮಾಡಲು ಕಲಿಯಲಿ, ಒಳ್ಳೆಯ ವಾದ್ಯವನ್ನೂ ಕೊಳ್ಳಿ’ ಅನ್ನುತ್ತಾರೆ. ಅದು ಹತ್ತು ಸಾವಿರ ಯೂರೊ. ಇಷ್ಟೆಲ್ಲ ಮಾಡಿದರೆ ಕೆಲಸ ಸಿಗುತ್ತದಾ? ರಜೆಯಲ್ಲಿ ಊರಿಗೆ ಬರುವಾಗ ವಾದ್ಯ ತರಬಹುದಾ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವಿದ್ದರೂ ಚಿಂತೆ ಎರಡೇ. ಮಗಳ ಆರೋಗ್ಯ ಕೆಡುತ್ತದೆಯೇ, ಮಗಳ ಮುಂದಿನ ಬದುಕು ಕೆಡುತ್ತದೆಯೇ. ಮೊದಲನೆಯದಕ್ಕೆ ನೆಮ್ಮದಿಯ ಉತ್ತರವಿದೆ. ಎರಡನೆಯದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ನೀವು ಖರ್ಚಿನ ಬಾಬ್ತೆಂದು ಬರೆದಿರುವ ರೀಡ್ ಇದೆಯಲ್ಲ, ಮಗಳು ಈ ದಾರಿಯಲ್ಲಿ ನಿಲ್ಲುತ್ತಾಳೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಅಲ್ಲೇ.

ಕೆಂಪಾಗುವ ಮುಖದಿಂದ ಶುರು ಮಾಡೋಣ. ಓಬೋ ನಮ್ಮ ನಾಗಸ್ವರ, ಶಹನಾಯಿಗಳ ಬಳಗದ್ದೇ. ಎರಡು ತೆಳು ಎಸಳುಗಳನ್ನು ಜೋಡಿಸಿ ಕಟ್ಟಿದ ರೀಡು, ಅದರ ಕೆಳಗೆ ಬರಬರುತ್ತ ಅಗಲವಾಗುವ ಕೊಳವೆ. ಆದರೆ ನಾಗಸ್ವರದ ರೀಡು ಅಗಲ, ಓಬೋದ್ದು ಬಹಳ ಕಿರಿದು. ಎಸಳುಗಳ ನಡುವಿನ ಸೀಳು ಒಂದು ಮಿಲಿಮೀಟರಿನಷ್ಟೂ ಇರುವುದಿಲ್ಲ. ಆದ್ದರಿಂದ ಇದಕ್ಕೆ ಬೇಕಾದ ಗಾಳಿ ಸ್ವಲ್ಪ, ಒತ್ತಡ ಹೆಚ್ಚು. ಕೊಳಲು ಊದುವವರಿಗೆ ಉಸಿರು ಸಾಲದೆ ಬರುತ್ತದೆ, ಓಬೋ ಊದುವವರಿಗೆ ಉಸಿರು ಮಿಕ್ಕು ಕಷ್ಟವಾಗುತ್ತದೆ. ಉದ್ದನೆಯ ಒಂದು ಸಾಲು ಮುಗಿಯುವ ಹೊತ್ತಿಗೆ ಶ್ವಾಸಕೋಶದಲ್ಲಿ ಹಳೆಯ ಗಾಳಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಅದರಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಕಲಿಯುವ ಮಕ್ಕಳು ಅದನ್ನು ಹೊರಗೆ ಬಿಡದೆ ಅದರ ಮೇಲೆಯೇ ಹೊಸ ಗಾಳಿ ಎಳೆದುಕೊಳ್ಳುತ್ತಾರೆ. ಹೀಗೆ ನಾಲ್ಕು ಸಾಲು ಸಾಗಿದರೆ ಕತ್ತು ಬಿಗಿಯುತ್ತದೆ, ಮುಖ ಕೆಂಪಾಗುತ್ತದೆ, ತಲೆ ದಿಮ್ಮೆನ್ನುತ್ತದೆ. ಅತ್ತೆಯವರು ವಿಡಿಯೊದಲ್ಲಿ ನೋಡಿದ್ದು ಬಹುಶಃ ಇದನ್ನೇ.

ಇದಕ್ಕೆ ಮದ್ದು ಅಭ್ಯಾಸದಲ್ಲೇ ಇದೆ. ಸಂಗೀತದ ಹಾಳೆಯ ಮೇಲೆ ಉಸಿರು ಬಿಡುವ ಜಾಗಕ್ಕೆ ಒಂದು ಗುರುತು, ಎಳೆದುಕೊಳ್ಳುವ ಜಾಗಕ್ಕೆ ಬೇರೆಯದೇ ಗುರುತು ಹಾಕಿಸಿ. ಒಂದು ವಿರಾಮದಲ್ಲಿ ಬಿಡುವುದು ಮಾತ್ರ, ಮುಂದಿನ ವಿರಾಮದಲ್ಲಿ ಎಳೆದುಕೊಳ್ಳುವುದು ಮಾತ್ರ. ಮೊದಲು ವಾದ್ಯ ಹಿಡಿಯದೆ, ಹಾಳೆ ನೋಡುತ್ತ ಉಸಿರಿನಲ್ಲೇ ಆ ಕೃತಿಯನ್ನು ಒಮ್ಮೆ ಓದಬೇಕು. ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಾಣಿಸುತ್ತದೆ. ಕಾಣಿಸದಿದ್ದರೆ ರೀಡು ಅತಿ ಗಟ್ಟಿ ಇದೆಯೆಂದು ಅರ್ಥ. ಆಗ ದೂರಬೇಕಾದದ್ದು ರೀಡನ್ನು. ಆರೋಗ್ಯವಂತ ಹುಡುಗಿಯ ಎದೆ ಓಬೋದಿಂದ ‘ಹೋಗುವುದಿಲ್ಲ’, ಇದನ್ನು ಅತ್ತೆಯವರಿಗೆ ಧೈರ್ಯವಾಗಿ ಹೇಳಿ.

ತಲೆ ಕೆಡುತ್ತದೆ ಎಂಬುದು ಯುರೋಪಿನ ಹಳೆಯ ಮಾತು. ಬಿಗಿಹಿಡಿದ ಉಸಿರಿನ ಒತ್ತಡ ಮೆದುಳಿಗೆ ಏರುತ್ತದೆ ಎಂದು ಜನ ಊಹಿಸಿಕೊಂಡದ್ದು. ಇದಕ್ಕೆ ಆಧಾರವಿಲ್ಲ.

ಕಣ್ಣಿನ ವಿಷಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವುದಿಲ್ಲ. ಓಬೋ, ಟ್ರಂಪೆಟ್‌ಗಳಂಥ ಹೆಚ್ಚು ಒತ್ತಡದ ವಾದ್ಯ ಊದುವಾಗ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ವರ್ಷಗಟ್ಟಲೆ ಹೆಚ್ಚು ಗಂಟೆ ಊದಿದವರ ದೃಷ್ಟಿಕ್ಷೇತ್ರದಲ್ಲಿ ಸಣ್ಣ ವ್ಯತ್ಯಾಸಗಳನ್ನು 2000ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗುರುತಿಸಿತು. ಹಾಗೆಂದು ಊದಬಾರದು ಎಂದಲ್ಲ. ಅಜ್ಜನಿಗೆ ಗ್ಲಾಕೋಮಾ ಇರುವುದರಿಂದ ಈಗಲೇ ಒಮ್ಮೆ ಕಣ್ಣಿನ ವೈದ್ಯರಲ್ಲಿ ಒತ್ತಡ, ದೃಷ್ಟಿನರ, ದೃಷ್ಟಿಕ್ಷೇತ್ರ ಮೂರನ್ನೂ ಪರೀಕ್ಷೆ ಮಾಡಿಸಿ. ಅವಳು ಓಬೋ ಊದುವವಳು ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅವರು ಹೇಳಿದ ಅಂತರದಲ್ಲಿ ಮತ್ತೆ ಹೋಗಿ ಹೋಲಿಸಿ ನೋಡಬೇಕು.

ನೀವು ಕೇಳದೇ ಇರುವ, ಆದರೆ ಓಬೋ ವಾದಕರನ್ನು ನಿಜವಾಗಿ ಕಾಡುವ ಜಾಗಗಳು ಬೇರೆ ಇವೆ. ಅರ್ಧ ಕೆಜಿಗೂ ಹೆಚ್ಚಿನ ವಾದ್ಯದ ಭಾರವೆಲ್ಲ ಬೀಳುವುದು ಬಲಗೈ ಹೆಬ್ಬೆರಳ ಮೇಲೆ. ಹೆಬ್ಬೆರಳ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಶುರುವಾದರೆ ‘ಸಹಿಸಿಕೋ’ ಅನ್ನಬೇಡಿ. ಕುತ್ತಿಗೆಪಟ್ಟಿ ಹಾಕಿಸಿ, ಹೆಬ್ಬೆರಳ ಆಸರೆಯನ್ನು ಮೇಲೆ ಕೆಳಗೆ ಸರಿಸಬಲ್ಲ ಬಗೆಯದಕ್ಕೆ ಬದಲಿಸಿ. ಊದುವಾಗ ಮೂಗಿನಿಂದ ಸುಯ್ಯೆಂದು ಗಾಳಿ ಸೋರಿದರೆ ಕಿರುನಾಲಿಗೆಯ ಹತ್ತಿರದ ಮೆದು ಅಂಗುಳ ದಣಿದಿದೆ ಎಂದರ್ಥ. ಎರಡು ದಿನ ಬಿಡುವು ಕೊಡಬೇಕು, ಪದೇಪದೇ ಆದರೆ ಗಂಟಲಿನ ವೈದ್ಯರಿಗೆ ತೋರಿಸಬೇಕು. ತುಟಿಯ ಸ್ನಾಯುಗಳೂ ಬೇಗ ದಣಿಯುತ್ತವೆ. ಒಂದೇ ಸಮ ಎರಡು ಗಂಟೆ ಊದುವುದಕ್ಕಿಂತ ಇಪ್ಪತ್ತೈದು ನಿಮಿಷದ ನಾಲ್ಕು ಕಂತು ಎಷ್ಟೋ ಮೇಲು.

ಇನ್ನು ರೀಡು. ಮದುವೆಮನೆಯಲ್ಲಿ ನಾಗಸ್ವರಕ್ಕೆ ಜೋತುಬಿದ್ದ ರೀಡಿನ ಗೊಂಚಲು, ಅದರ ಜೊತೆಗೊಂದು ಸೂಜಿ ನೀವು ನೋಡಿರಬೇಕು. ಓಬೋ ವಾದಕರ ಪಾಡೂ ಅದೇ, ಇನ್ನಷ್ಟು ನಾಜೂಕು. ರೀಡಿನ ಕಚ್ಚಾವಸ್ತು ಅರುಂಡೋ ಡೋನಾಕ್ಸ್ ಎಂಬ, ಬಿದಿರಿನಂತೆ ಎತ್ತರ ಬೆಳೆಯುವ ಜೊಂಡು. ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯದು ಹೆಸರುವಾಸಿ. 10ರಿಂದ 10.5 ಮಿ.ಮೀ. ವ್ಯಾಸದ ದಂಟನ್ನು ಉದ್ದಕ್ಕೆ ಮೂರಾಗಿ ಸೀಳಿ, ನೆನೆಸಿ, ಒಳಗಡೆಯಿಂದ ಹೆರೆದು ನಡುಮಧ್ಯ ಸುಮಾರು 0.6 ಮಿ.ಮೀ. ದಪ್ಪಕ್ಕೆ ತರುತ್ತಾರೆ. ಅದನ್ನು ಮಡಚಿ, ಅಚ್ಚಿನ ಮೇಲೆ ಆಕಾರ ಕೊಟ್ಟು, ಬುಡದಲ್ಲಿ ಬೆಂಡು ಸುತ್ತಿದ 47 ಮಿ.ಮೀ. ಉದ್ದದ ಲೋಹದ ಕೊಳವೆಗೆ ನೈಲಾನ್ ದಾರದಿಂದ ಬಿಗಿಯುತ್ತಾರೆ. ಕಟ್ಟಿದ್ದನ್ನು ಕೆಲವು ದಿನ ಹಾಗೇ ಬಿಟ್ಟು, ಆಮೇಲೆ ಮೇಲಿನಿಂದ ಹೆರೆಯಲು ಶುರು ಮಾಡುತ್ತಾರೆ. ಸಿದ್ಧವಾದ ರೀಡಿನ ಒಟ್ಟು ಉದ್ದ 70ರಿಂದ 73 ಮಿ.ಮೀ. ಒಳಗೆ. ತುದಿ ತೀರಾ ತೆಳು, ಅದರ ಹಿಂದಿನ ಭಾಗ ಸ್ವಲ್ಪ ದಪ್ಪ, ಎಡಬಲ ಒಂದೇ ಸಮ. ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚು ಹೆರೆದರೂ ಶ್ರುತಿ ಇಳಿದುಹೋಗುತ್ತದೆ. ಹೆರೆದದ್ದನ್ನು ಮತ್ತೆ ಅಂಟಿಸಲಾಗದು.

ಹೀಗೆ ಮಾಡಿದ ರೀಡು ಬಾಳುವುದು ಒಂದೆರಡು ವಾರ. ದಿನವೂ ಗಂಟೆಗಟ್ಟಲೆ ಊದುವವರಿಗೆ ಅಷ್ಟೂ ಇಲ್ಲ. ಹವೆ ಬದಲಾದರೆ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಬಾಯಿ ಮುಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಮನೆಯ ಹೀಟರ್ ಹೊತ್ತಿಸಿದಾಗ ಈ ಗೋಳು ಇನ್ನೂ ಜಾಸ್ತಿ. ಆದ್ದರಿಂದಲೇ ವೃತ್ತಿಪರ ಓಬೋ ವಾದಕರ ದಿನದಲ್ಲಿ ಒಂದೆರಡು ಗಂಟೆ ರೀಡಿನ ಮೇಜಿಗೇ ಮೀಸಲು, ಮೂವತ್ತು ನಲವತ್ತು ವರ್ಷ. ಟೀಚರು ಈಗ ಕಲಿಯಲಿ ಎಂದದ್ದು ಸರಿಯಾಗಿಯೇ ಇದೆ. ಹದಿನೈದು ತಡವೂ ಅಲ್ಲ, ಬೇಗವೂ ಅಲ್ಲ. ಆದರೆ ಅಂಗಡಿಯವರು ತೋರಿಸಿದ್ದನ್ನೆಲ್ಲ ಕೊಳ್ಳಬೇಡಿ. ಒಳ್ಳೆಯ ಚಾಕು, ಎಸಳುಗಳ ನಡುವೆ ಇಡುವ ತೆಳು ತಗಡು, ರೀಡು ಹಿಡಿಯುವ ಮ್ಯಾಂಡ್ರೆಲ್, ತುದಿ ಕತ್ತರಿಸುವ ಪುಟ್ಟ ಮರದ ದಿಮ್ಮಿ, ಸಾಣೆಕಲ್ಲು, ದಾರ, ಅಳತೆಪಟ್ಟಿ ಸಾಕು. ಸುಮಾರು 150ರಿಂದ 250 ಯೂರೊ ಒಳಗೆ ಮುಗಿಯುತ್ತದೆ. ಜೊಂಡನ್ನು ಹೆರೆದು ಆಕಾರ ಕೊಟ್ಟದ್ದೇ ಸಿಗುತ್ತದೆ, ಅದನ್ನೇ ತನ್ನಿ. ಹೆರೆಯುವ ಯಂತ್ರಕ್ಕೆ ಸಾವಿರಾರು ಯೂರೊ ಬೀಳುತ್ತದೆ. ಅದರ ಮಾತು ಕಾಲೇಜು ಸೇರಿದ ಮೇಲೆ.

ಮೊದಲ ವರ್ಷ ಮಾಡಿದ್ದರಲ್ಲಿ ಹೆಚ್ಚಿನವು ಕಸದ ಬುಟ್ಟಿಗೇ ಹೋಗುತ್ತವೆ. ಅದನ್ನು ನೋಡಿ ನೀವು ಹೊಟ್ಟೆ ಉರಿಸಿಕೊಳ್ಳಬಾರದು, ಅವಳೂ ಅಳಬಾರದು. ಏನು ಕೆಟ್ಟಿತು ಎಂದು ಪುಸ್ತಕದಲ್ಲಿ ಬರೆದಿಡಲಿ. ರೀಡಿನ ಬಾಯಿ ತೀರಾ ತೆರೆದುಕೊಂಡಿದ್ದರೆ ತುಟಿ ಬೇಗ ಸೋಲುತ್ತದೆ, ಮುಚ್ಚಿಕೊಂಡಿದ್ದರೆ ದನಿ ಹಿಸುಕಿದಂತಾಗುತ್ತದೆ. ಪಕ್ಕದಲ್ಲಿ ಗಾಳಿ ಸೋರುತ್ತಿದ್ದರೆ ಬುಡದ ಹತ್ತಿರ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ಸುತ್ತು ಹಾಕಿದರೆ ನಿಲ್ಲುತ್ತದೆ. ಊದುವ ಮುಂಚೆ ಎಂಜಲಲ್ಲಿ ನೆನೆಸುವ ಅಭ್ಯಾಸ ಬಿಡಿಸಿ, ಸಣ್ಣ ಡಬ್ಬಿಯ ನೀರಿನಲ್ಲಿ ಎರಡು ಮೂರು ನಿಮಿಷ ಸಾಕು. ಚಾಕು ಯಾವಾಗಲೂ ಹರಿತವಾಗಿರಲಿ. ಹೆಬ್ಬೆರಳು ಕೊಯ್ದುಕೊಳ್ಳುವುದು ಹೆಚ್ಚಾಗಿ ಮೊಂಡು ಚಾಕುವನ್ನು ಒತ್ತಿ ಹಿಡಿದಾಗ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಚೆನ್ನಾಗಿ ಊದುವ ಮಕ್ಕಳು ಬೇಕಾದಷ್ಟು ಇದ್ದಾರೆ. ಹನ್ನೆರಡು ತಿಂಗಳು ರೀಡಿನ ಮೇಜಿನ ಮುಂದೆ ಕೂತು, ಕೆಟ್ಟದ್ದನ್ನು ಎಸೆದು, ಮತ್ತೆ ಹೊಸ ಜೊಂಡು ಕೈಗೆತ್ತಿಕೊಳ್ಳುವವರು ಕಡಿಮೆ. ನಿಮ್ಮ ಮಗಳು ಯಾರ ಒತ್ತಾಯವೂ ಇಲ್ಲದೆ ಅದನ್ನು ಮಾಡಿದರೆ ಅವಳ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ವೇದಿಕೆ ಇಷ್ಟ, ರೀಡು ಬೇಸರ ಎಂದರೆ ಆಗ ಓಬೋ ಅವಳಿಗೆ ಬಹಳ ಒಳ್ಳೆಯ ಹವ್ಯಾಸ.

ಕೆಲಸದ ಲೆಕ್ಕಕ್ಕೆ ಬರೋಣ. ಒಂದು ಆರ್ಕೆಸ್ಟ್ರಾದಲ್ಲಿ ಪಿಟೀಲಿನವರು ಇಪ್ಪತ್ತು ಮೂವತ್ತು ಜನ, ಓಬೋದವರು ಸಾಮಾನ್ಯವಾಗಿ ನಾಲ್ಕು. ಇಬ್ಬರು ಮುಖ್ಯ ವಾದಕರು, ಒಬ್ಬರು ಎರಡನೆಯವರು, ಇನ್ನೊಬ್ಬರು ಓಬೋಗಿಂತ ಕೆಳದನಿಯ ಕೊರ್ ಆಂಗ್ಲೇಗೆ. ಜರ್ಮನಿಯಷ್ಟು ಸರ್ಕಾರಿ ನೆರವಿನ ಆರ್ಕೆಸ್ಟ್ರಾಗಳಿರುವ ದೇಶ ಇನ್ನೊಂದಿಲ್ಲ, ಆ ದೃಷ್ಟಿಯಿಂದ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಆದರೂ 1992ರಲ್ಲಿ ಅಲ್ಲಿ 168 ಇದ್ದವು, ಈಗ 130ರ ಆಸುಪಾಸು. ನಿಮ್ಮ ಸ್ಟುಟ್‌ಗಾರ್ಟಿನ ರೇಡಿಯೊ ಆರ್ಕೆಸ್ಟ್ರಾವನ್ನೇ 2016ರಲ್ಲಿ ಬಾಡೆನ್-ಬಾಡೆನ್ ಮತ್ತು ಫ್ರೈಬುರ್ಗಿನದರ ಜೊತೆ ಸೇರಿಸಿ ಒಂದು ಮಾಡಿದರು. ಅಂದರೆ ಇಡೀ ದೇಶದಲ್ಲಿ ಓಬೋಗೆ ಐನೂರು ಚಿಲ್ಲರೆ ಕುರ್ಚಿ, ಅವೂ ಬೇಗ ಖಾಲಿಯಾಗುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಮುಖ್ಯ ಓಬೋ ಕುರ್ಚಿಯನ್ನೇ ನೋಡಿ. 1915ರಿಂದ 1954ರವರೆಗೆ ಮಾರ್ಸೆಲ್ ಟಬುಟೊ, 1977ರವರೆಗೆ ಜಾನ್ ಡಿ ಲ್ಯಾನ್ಸಿ, 2018ರವರೆಗೆ ರಿಚರ್ಡ್ ವುಡಮ್ಸ್. ನೂರಮೂರು ವರ್ಷಕ್ಕೆ ಮೂರೇ ಜನ. ಈ ಡಿ ಲ್ಯಾನ್ಸಿ 1945ರಲ್ಲಿ, ಅಮೆರಿಕದ ಸೈನಿಕನಾಗಿದ್ದಾಗ, ಮುದುಕರಾಗಿದ್ದ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರನ್ನು ಕಂಡು ಓಬೋಗೆ ಕಾನ್ಸರ್ಟೊ (ಒಂದು ವಾದ್ಯ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಬರೆಯುವ ಯೋಚನೆ ಇದೆಯೇ ಎಂದು ಕೇಳಿದವರು. ಮೊದಲು ಇಲ್ಲವೆಂದ ಸ್ಟ್ರೌಸ್ ಕೆಲವೇ ತಿಂಗಳಲ್ಲಿ ಬರೆದುಬಿಟ್ಟರು. ಆದರೆ ಫಿಲಡೆಲ್ಫಿಯಾದಲ್ಲಿ ಆಗ ಟಬುಟೊ ಕೈಕೆಳಗಿದ್ದ ಡಿ ಲ್ಯಾನ್ಸಿಗೆ ಅಮೆರಿಕದಲ್ಲಿ ಅದನ್ನು ಮೊದಲು ನುಡಿಸುವ ಅವಕಾಶ ಸಿಗಲಿಲ್ಲ. ಧ್ವನಿಮುದ್ರಿಸಿದ್ದು 1987ರಲ್ಲಿ. ಅಂಥ ಪ್ರತಿಭೆಯೂ ಸರದಿಯಲ್ಲಿ ಕಾಯಬೇಕಾಯಿತು.

ಕುರ್ಚಿ ಖಾಲಿಯಾದಾಗ ನಡೆಯುವ ಆಯ್ಕೆಗೆ ಜರ್ಮನಿಯಲ್ಲಿ ಪ್ರೋಬೆಷ್ಪೀಲ್ ಅನ್ನುತ್ತಾರೆ. ಒಂದು ಜಾಗಕ್ಕೆ ಅರ್ಜಿ ನೂರು ದಾಟುವುದು ಅಪರೂಪವಲ್ಲ, ಕರೆ ಬರುವುದು ಕೆಲವರಿಗೆ. ಮೊದಲ ಸುತ್ತು ಹೆಚ್ಚಾಗಿ ಪರದೆಯ ಹಿಂದೆ, ಮೊಟ್ಸಾರ್ಟ್‌ನ ಸಿ ಮೇಜರ್ ಓಬೋ ಕಾನ್ಸರ್ಟೊ. ಅದರಲ್ಲಿ ವಾದಕಿ ಪ್ರವೇಶಿಸುವುದೇ ಸರಸರನೆ ಏರಿಹೋಗಿ, ತಾರದ ಒಂದೇ ಸ್ವರವನ್ನು ನಾಲ್ಕು ಆವರ್ತ ಹಿಡಿದು ನಿಲ್ಲುವ ಮೂಲಕ. ಅಲ್ಲೇ ಉಸಿರು, ಶ್ರುತಿ, ರೀಡು ಮೂರೂ ಬಯಲಾಗುತ್ತವೆ. ಮುಂದಿನ ಸುತ್ತುಗಳಲ್ಲಿ ಆರ್ಕೆಸ್ಟ್ರಾ ಕೃತಿಗಳ ಕಠಿಣ ತುಣುಕುಗಳು: ನಾಲಿಗೆಯ ಚುರುಕಿಗೆ ರೊಸ್ಸೀನಿಯ ‘ರೇಷ್ಮೆಯ ಏಣಿ’ ಒಪೆರಾದ ಪೀಠಿಕೆ, ಬೆರಳಿಗೆ ರಾವೆಲ್‌ನ ‘ಕೂಪರಾಂಗೆ ಸ್ಮಾರಕ’, ದನಿಯ ಗುಣಕ್ಕೆ ಬ್ರಾಮ್ಸ್ ಪಿಟೀಲು ಕಾನ್ಸರ್ಟೊದ ನಿಧಾನ ಭಾಗ. ಕೊನೆಗೆ ಆರ್ಕೆಸ್ಟ್ರಾದವರೇ ಮತ ಹಾಕುತ್ತಾರೆ. ಯಾರನ್ನೂ ಆರಿಸದೆ ಎಲ್ಲರನ್ನೂ ಕಳಿಸಿಬಿಡುವುದೂ ಉಂಟು. ಗೆದ್ದವರಿಗೂ ಸಾಮಾನ್ಯವಾಗಿ ಒಂದು ವರ್ಷದ ಪರೀಕ್ಷಾ ಅವಧಿ, ಅದರ ಕೊನೆಯಲ್ಲಿ ಮತ್ತೆ ಮತ. ಅದು ದಾಟಿದರೆ ಮಾತ್ರ ಖಾಯಂ ಸಂಬಳ, ಪಿಂಚಣಿ.

ಉಳಿದವರು ಏನು ಮಾಡುತ್ತಾರೆ? ಸಂಗೀತ ಶಾಲೆಯಲ್ಲಿ ಪಾಠ, ಆರ್ಕೆಸ್ಟ್ರಾಗಳಲ್ಲಿ ರಜೆ ಹಾಕಿದವರ ಬದಲಿ, ಚರ್ಚುಗಳ ಕಾರ್ಯಕ್ರಮ. ಕೊನೆಯದು ಚಿಕ್ಕದಲ್ಲ. ಬಾಖ್‌ನ ಕ್ರಿಸ್ಮಸ್ ಒರಟೋರಿಯೊ ಎಂಬ ದೊಡ್ಡ ಭಕ್ತಿಗಾಯನ ಕೃತಿಯ ಎರಡನೆಯ ಭಾಗಕ್ಕೇ ನಾಲ್ಕು ಜನ ಬೇಕು, ಓಬೋದ ಕೆಳದನಿಯ ಬಂಧುಗಳಾದ ಓಬೋ ದಮೋರೆಗೆ ಇಬ್ಬರು, ಓಬೋ ದ ಕಾಚ್ಚಾಗೆ ಇಬ್ಬರು. ಡಿಸೆಂಬರಿನಲ್ಲಿ ಜರ್ಮನಿಯ ಊರೂರಲ್ಲೂ ಅದು ನಡೆಯುತ್ತದೆ, ಈಸ್ಟರಿಗೆ ಮುಂಚೆ ಯೇಸುವಿನ ಯಾತನೆಯ ಕಥೆ ಹಾಡುವ ಪ್ಯಾಶನ್‌ಗಳು. ಆದರೆ ಜುಲೈ, ಆಗಸ್ಟ್ ಬರಿದು. ಓಬೋ ದಮೋರೆ, ಕೊರ್ ಆಂಗ್ಲೇ ಎರಡೂ ಸ್ವಂತದ್ದಿದ್ದವರಿಗೆ ಕರೆ ಹೆಚ್ಚು, ಅವುಗಳ ಬೆಲೆಯೂ ಓಬೋದಷ್ಟೇ ಅಥವಾ ಇನ್ನೂ ಜಾಸ್ತಿ. ಹೀಗೆ ಸ್ವತಂತ್ರವಾಗಿ ದುಡಿಯುವ ಕಲಾವಿದರಿಗೆ ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲಿ ಅರ್ಧವನ್ನು ಕ್ಯೂನ್‌ಸ್ಟ್‌ಲರ್‌ಜೋಝಿಯಾಲ್‌ಕಾಸ್ಸೆ ಎಂಬ ನಿಧಿ ಭರಿಸುತ್ತದೆ. ಬದುಕಲು ಸಾಧ್ಯ, ಆದರೆ ತಿಂಗಳ ಕೊನೆಗೆ ಇಷ್ಟೇ ಎಂದು ಹೇಳಲಾಗದ ಬದುಕು. ಭಾರತಕ್ಕೆ ಮರಳುವ ಯೋಚನೆ ಇದ್ದರೆ, 2006ರಲ್ಲಿ ಮುಂಬೈಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಒಂದು ಜಾಗವನ್ನು ನಂಬಿ ಬದುಕು ಕಟ್ಟುವಂತಿಲ್ಲ.

ಓಬೋ ಅಥವಾ ಮೆಡಿಕಲ್ ಎಂದು ಎರಡೇ ಬಾಗಿಲು ನೋಡುತ್ತಿದ್ದೀರಿ. ನಡುವೆ ಇನ್ನೂ ದಾರಿಗಳಿವೆ. ಸಂಗೀತ ಕಾಲೇಜಿನಲ್ಲೇ ಓಬೋವನ್ನು ಮುಖ್ಯ ವಾದ್ಯವಾಗಿಟ್ಟುಕೊಂಡು ಗಿಮ್ನಾಸಿಯಂ ಎಂಬ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕಿಯಾಗುವ ಪದವಿ ಓದಬಹುದು. ಜೊತೆಗೆ ಇನ್ನೊಂದು ವಿಷಯ ಓದಬೇಕು, ಪಿಯಾನೊ ಮತ್ತು ಹಾಡುಗಾರಿಕೆ ಚೆನ್ನಾಗಿರಬೇಕು. ಕೆಲಸದ ಭದ್ರತೆಯಲ್ಲಿ ಇದು ಎಲ್ಲಕ್ಕಿಂತ ಮುಂದೆ. ಕೊರತೆ ಏನೆಂದರೆ ಓಬೋಗೆ ಸಿಗುವ ಸಮಯ ಕಡಿಮೆ, ಅಲ್ಲಿಂದ ಆರ್ಕೆಸ್ಟ್ರಾಗೆ ಹೋಗುವುದು ಕಷ್ಟ. ಕೈಕೆಲಸದಲ್ಲಿ ನಿಜವಾದ ಆಸಕ್ತಿ ಕಂಡರೆ ಮರದ ಊದುವಾದ್ಯ ತಯಾರಿಕೆಯ ಮೂರು ವರ್ಷದ ತರಬೇತಿ ಇದೆ, ಅದರ ವೃತ್ತಿಶಾಲೆ ನಿಮ್ಮ ಪಕ್ಕದ ಲುಡ್ವಿಗ್ಸ್‌ಬುರ್ಗಿನಲ್ಲೇ ಇದೆ. ಮೆಡಿಕಲ್ ಓದುತ್ತ ಓಬೋ ಉಳಿಸಿಕೊಳ್ಳುವುದೂ ಸೋಲಲ್ಲ. ವಿಶ್ವವಿದ್ಯಾಲಯದ, ಹವ್ಯಾಸಿಗಳ ಆರ್ಕೆಸ್ಟ್ರಾಗಳೆಲ್ಲ ಓಬೋ ವಾದಕರಿಗಾಗಿ ಹುಡುಕುತ್ತಲೇ ಇರುತ್ತವೆ. ಹಿಂದುಮುಂದಾಗಿ, ಅಂದರೆ ಮೊದಲು ಮೆಡಿಕಲ್ ಆಮೇಲೆ ವೃತ್ತಿಪರ ಓಬೋ, ಎಂಬುದು ಮಾತ್ರ ಆಗದ ಮಾತು. ಹದಿನೆಂಟರಿಂದ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ತುಟಿ, ಬೆರಳು, ಕಿವಿಗೆ ಕೊಡಬೇಕಾದದ್ದನ್ನು ಆಗಲೇ ಕೊಡಬೇಕು.

ಆದ್ದರಿಂದ ಇವತ್ತೇ ಹೌದು ಅಥವಾ ಇಲ್ಲ ಎನ್ನಬೇಡಿ, ಹದಿನೆಂಟು ತಿಂಗಳ ಗಡುವು ಇಟ್ಟುಕೊಳ್ಳಿ. ಅಷ್ಟರೊಳಗೆ ರೀಡಿನ ಕೆಲಸ ಕೂಡಿಬರಲಿ. ಪಿಯಾನೊ, ಸಂಗೀತಶಾಸ್ತ್ರ, ಕಿವಿಯ ತರಬೇತಿ ಇಂದೇ ಶುರುವಾಗಲಿ. ಪ್ರವೇಶ ಪರೀಕ್ಷೆಯಲ್ಲಿ ಚೆನ್ನಾಗಿ ಊದುವ ಮಕ್ಕಳೂ ಎಡವುವುದು ಇವುಗಳಲ್ಲೇ. ‘ಯುಗೆಂಡ್ ಮುಜಿತ್ಸೀರ್ಟ್’ ಸ್ಪರ್ಧೆಯಲ್ಲಿ ಭಾಗವಹಿಸಲಿ, ಬಹುಮಾನಕ್ಕಾಗಿ ಅಲ್ಲ, ತನ್ನ ವಯಸ್ಸಿನವರು ಯಾವ ಮಟ್ಟದಲ್ಲಿದ್ದಾರೆಂದು ಕೇಳಿಸಿಕೊಳ್ಳಲು. 14ರಿಂದ 19ರವರಿಗೆಂದೇ ಇರುವ ರಾಷ್ಟ್ರೀಯ ಯುವ ಆರ್ಕೆಸ್ಟ್ರಾಕ್ಕೂ ಪ್ರಯತ್ನಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ರಾಜ್ಯದ ಐದು ಸಂಗೀತ ಕಾಲೇಜುಗಳ (ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಮಾನ್‌ಹೈಮ್, ಫ್ರೈಬುರ್ಗ್, ಟ್ರೊಸಿಂಗೆನ್) ಓಬೋ ಪ್ರಾಧ್ಯಾಪಕರಲ್ಲಿ ಕನಿಷ್ಠ ಇಬ್ಬರ ಹತ್ತಿರ ಒಂದೊಂದು ಸಲಹಾಪಾಠ ಕೇಳಿ. ‘ಇವಳು ಎರಡು ವರ್ಷದಲ್ಲಿ ಪ್ರವೇಶ ಪರೀಕ್ಷೆಗೆ ನಿಲ್ಲಬಲ್ಲಳೇ’ ಎಂದು ನೇರವಾಗಿಯೇ ಕೇಳಿ. ಇಬ್ಬರೂ ತಡವರಿಸಿದರೆ ಅದೇ ಉತ್ತರ. ಶುಲ್ಕದ ಭಯ ಬೇಡ: ಆ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ಇದೆ, ಆದರೆ ಜರ್ಮನಿಯಲ್ಲೇ ಆಬಿಟೂರ್ (ಶಾಲೆಯ ಕೊನೆಯ ಪರೀಕ್ಷೆ) ಮುಗಿಸಿದವರಿಗೆ ಅದು ಅನ್ವಯಿಸುವುದಿಲ್ಲ.

ಹತ್ತು ಸಾವಿರದ ವಾದ್ಯವನ್ನೂ ಆ ಸಲಹಾಪಾಠದ ನಂತರ ಕೊಳ್ಳಿ, ಮುಂಚೆ ಬೇಡ. ಜರ್ಮನಿಯಲ್ಲಿ ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಅಷ್ಟಮ ಕೀಲಿ ಎರಡು ಬಗೆಯದು ಬಳಕೆಯಲ್ಲಿದೆ, ತಾನಾಗಿ ಬದಲಾಗುವುದು ಮತ್ತು ಅರ್ಧ ಮಾತ್ರ ತಾನಾಗಿ ಬದಲಾಗುವುದು. ಯಾವುದೆಂದು ಮುಂದೆ ಕಲಿಸುವವರೇ ಹೇಳಬೇಕು. ಬಿರುಕಿಲ್ಲದ, ಸರ್ವಿಸ್ ಆದ, ಐದಾರು ವರ್ಷದ ಹಳೆಯ ವಾದ್ಯ ಸಿಕ್ಕರೆ ಕಡಿಮೆ ದುಡ್ಡಿಗೆ ಕೆಲಸವಾಗುತ್ತದೆ. ಹೊಸದನ್ನೇ ಕೊಂಡರೆ ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ ಮಾತ್ರ, ಆಮೇಲೆ ವಾರಕ್ಕೆ ಹತ್ತು ಹತ್ತು ನಿಮಿಷ ಏರಿಸಬೇಕು. ಓಬೋ ಮಾಡುವ ಆಫ್ರಿಕದ ಕರಿಮರ ಒಳಗೆ ಬೆಚ್ಚಗೆ ತೇವ, ಹೊರಗೆ ಒಣ ಚಳಿ ಆದಾಗ ಮೇಲಿನ ತುಂಡಿನಲ್ಲಿ, ಟ್ರಿಲ್ ಕೀಲಿಗಳ ರಂಧ್ರದ ಹತ್ತಿರ ಸೀಳುತ್ತದೆ. ಸೀಳಿದರೆ ವಾದ್ಯ ಹೋಯಿತೆಂದಲ್ಲ. ಊದುವುದನ್ನು ಅಲ್ಲಿಗೇ ನಿಲ್ಲಿಸಿ ರಿಪೇರಿಯವರಿಗೆ ಕೊಟ್ಟರೆ ಅಂಟು ತುಂಬಿ, ಬೇಕಾದರೆ ಪಿನ್ನು ಹೊಡೆದು ಸರಿಮಾಡುತ್ತಾರೆ.

ಊರಿಗೆ ಧಾರಾಳವಾಗಿ ತನ್ನಿ. ಈ ಮರ ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಯಲ್ಲಿದ್ದರೂ ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ. ವಿಮಾನದಲ್ಲಿ ವಾದ್ಯ ಕೈಚೀಲದಲ್ಲೇ ಇರಲಿ, ರೀಡು ಹೆರೆಯುವ ಚಾಕು ಮಾತ್ರ ಚೆಕ್-ಇನ್ ಪೆಟ್ಟಿಗೆಗೆ ಹೋಗಬೇಕು. ಇಲ್ಲದಿದ್ದರೆ ಭದ್ರತಾ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಇಳಿದ ದಿನವೇ ಪೆಟ್ಟಿಗೆ ತೆರೆಯದೆ ಒಂದು ರಾತ್ರಿ ಮುಚ್ಚಿಯೇ ಇಡಿ. ಬೇಸಿಗೆಯ ಒಣಹವೆಯಲ್ಲಿ ಪೆಟ್ಟಿಗೆಯೊಳಗೆ ತೇವ ಕಾಯುವ ಸಣ್ಣ ಚೀಲ ಇರಲಿ, ಕಾರಿನ ಡಿಕ್ಕಿಯಲ್ಲಿ ಎಂದೂ ಬಿಡಬೇಡಿ. ಸ್ಟುಟ್‌ಗಾರ್ಟಿನಲ್ಲಿ ಸರಿಯಿದ್ದ ರೀಡು ಸುಮಾರು 770 ಮೀಟರ್ ಎತ್ತರದ ಮೈಸೂರಿನ ಹವೆಯಲ್ಲಿ ಬೇರೆಯೇ ಮಾತಾಡಬಹುದು. ಹಾಗಾಗಿ ಹೆರೆಯದೆ ಕಟ್ಟಿಟ್ಟ ನಾಲ್ಕೈದು ಜೊತೆಯಲ್ಲಿರಲಿ, ಅವನ್ನು ಮೈಸೂರಿನಲ್ಲೇ ಕೂತು ಹೆರೆದು ಮುಗಿಸಲಿ.